ಶೋರು ಮತ್ತು ಒಂದು ಸೂಟ್‌ಕೇಸು

ನಮ್ಮದು ಮಂಡ್ಯದ ಕಡೆಯ ಊರು. ನೀರು ಅಂದರೆ ನಾಲೆ, ಕೆರೆ, ಹೊಳೆ. ಎಂಟನೇ ಕ್ಲಾಸಿನ ಇಂಗ್ಲಿಷ್ ಪ್ರಬಂಧದಲ್ಲಿ 'ಕಾವೇರಿ ಶೋರ್‌ನಲ್ಲಿ ಬುತ್ತಿ ತಿಂದೆವು' ಅಂತ ಬರೆದಿದ್ದೆ. ಮೇಷ್ಟ್ರು ಕೆಂಪು ಗೆರೆ ಎಳೆದರು. "ಲೋ, ಶೋರ್ ಇರೋದು ಸಮುದ್ರಕ್ಕೆ, ಕೆರೆಗೆ. ಹೊಳೆಗಿರೋದು ಬ್ಯಾಂಕು."

"ಬ್ಯಾಂಕ್ ಇರೋದು ಬಸ್ ಸ್ಟ್ಯಾಂಡ್ ಪಕ್ಕ ಅಲ್ವಾ ಸಾರ್?" ಅಂದೆ. ಆ ಪೀರಿಯಡ್ ಪೂರ್ತಿ ಬೆಂಚಿನ ಮೇಲೆ ನಿಂತಿದ್ದೆ.

ನಮ್ಮಲ್ಲಿ ಈ ರಗಳೆಯೇ ಇಲ್ಲ. ಹೊಳೆಗೂ ದಡ, ಕೆರೆಗೂ ದಡ, ಕಡಲಿಗೂ ದಡ. ಸಾಲ ಮಾಡಿ ಮಗಳ ಮದುವೆ ಮುಗಿಸಿದ ಅಪ್ಪನೂ ಒಂದು ದಿನ ದಡ ಸೇರುತ್ತಾನೆ.

ಮುಂದೆ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಸಿಕ್ಕಿತು. ಮೊದಲ ದಿನವೇ 'ನೀವು ಆಫ್‌ಶೋರ್ ಟೀಮು' ಅಂದರು. ಅಮೆರಿಕದಲ್ಲಿ ಕೂತವರು ಆನ್‌ಶೋರ್. ಬೆಂಗಳೂರು ಇರುವುದು ಸಮುದ್ರ ಮಟ್ಟದಿಂದ 900 ಮೀಟರ್ ಎತ್ತರದಲ್ಲಿ. ಮಂಗಳೂರಿನ ಕಡಲು ನೋಡಬೇಕಾದರೆ ಸುಮಾರು 350 ಕಿಲೋಮೀಟರ್ ಹೋಗಬೇಕು, ನಡುವೆ ಶಿರಾಡಿ ಘಾಟಿ ಬೇರೆ. ಇದನ್ನು ಅಜ್ಜಿಗೆ ವಿವರಿಸಲು ಹೋಗಿದ್ದೇ ತಪ್ಪಾಯಿತು. ಮೊಮ್ಮಗ ಹಡಗಿನಲ್ಲಿ ಕೆಲಸಕ್ಕಿದ್ದಾನೆ ಅಂತ ಊರಿಗೆಲ್ಲ ಸಾರಿದರು. ಮಳೆಗಾಲದಲ್ಲಿ ನಮ್ಮ ಆಫೀಸಿನ ರಸ್ತೆ ನೋಡಿದರೆ ಅದು ಪೂರ್ತಿ ಸುಳ್ಳೂ ಅಲ್ಲ ಬಿಡಿ.

ಎರಡು ವರ್ಷದ ಮೇಲೆ ಒಂದು ಶುಕ್ರವಾರ ಸಂಜೆ ಮ್ಯಾನೇಜರ್ ಮೇಲ್ ಬಂತು. ಮುಂದಿನ ತಿಂಗಳಿಂದ ಇನ್ನೊಂದು ಟೀಮನ್ನು 'ಶೋರ್ ಅಪ್' ಮಾಡಬೇಕು, ನಿನ್ನ ಹೆಸರು ಕೊಟ್ಟಿದ್ದೇನೆ ಅಂತ. ನಾನು ಲೆಕ್ಕ ಹಾಕಿದೆ. ಆಫ್‌ಶೋರ್ ಅಂದ್ರೆ ಇಲ್ಲಿ. ಆನ್‌ಶೋರ್ ಅಂದ್ರೆ ಅಲ್ಲಿ. ಹಾಗಾದ್ರೆ ಶೋರ್ ಅಪ್ ಅಂದ್ರೆ? ದಡ ಹತ್ತಿಸೋದು!

ಶನಿವಾರ ಅಮ್ಮನಿಗೆ ಫೋನ್ ಮಾಡಿದೆ. ಭಾನುವಾರ ಮಧ್ಯಾಹ್ನ ಅಮ್ಮ ಬೆಂಗಳೂರಿಗೆ ಬಂದಿಳಿದರು. ಜೊತೆಗೆ ಎರಡು ಕೆಜಿ ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಹುರಿಗಾಳು, ಅಲ್ಲಿ ಸಿಗಲ್ಲ ಅಂತ ಒಂದು ಕಟ್ಟು ಕರಿಬೇವು. ಸಂಜೆಯೇ ಹೋಗಿ ನಾಲ್ಕು ಚಕ್ರದ ನೀಲಿ ಸೂಟ್‌ಕೇಸು ತಂದೆವು. ಅಜ್ಜಿಗಂತೂ, ಹಡಗು ಕೊನೆಗೂ ಹೊರಟಿತಲ್ಲ ಅಂತ ಸಮಾಧಾನ.

ಸೋಮವಾರ ಬೆಳಗ್ಗೆ ಮ್ಯಾನೇಜರ್ ಹತ್ತಿರ ಹೋಗಿ, "ವೀಸಾ ಇಂಟರ್‌ವ್ಯೂ ಯಾವಾಗ ಸಾರ್?" ಅಂದೆ.

"ಯಾವ ವೀಸಾ? ಆ ಟೀಮಲ್ಲಿ ಮೂರು ಜನ ಬಿಟ್ಟು ಹೋಗಿದ್ದಾರೆ ಕಣ್ರೀ. ಬೀಳದ ಹಾಗೆ ಹಿಡ್ಕೊಳ್ಳಿ ಅಂದಿದ್ದು. ಮೂರನೇ ಫ್ಲೋರು, ಕಿಟಕಿ ಪಕ್ಕದ ಸೀಟು."

ಎರಡನೇ ಮಹಡಿಯಿಂದ ಮೂರನೆಯದಕ್ಕೆ. ಅಪ್ ಅನ್ನೋದಾದರೂ ನಿಜವಾಯಿತು.

ಆ ಕಿಟಕಿಯಿಂದ ಕೆಳಗೆ ನೋಡಿದರೆ ಪಕ್ಕದ ಸೈಟಿನಲ್ಲಿ ಬೇಸ್‌ಮೆಂಟ್ ಅಗೆಯುತ್ತಿದ್ದರು. ಮಣ್ಣು ಕುಸಿಯದಿರಲಿ ಅಂತ ಹಲಗೆ ಇಟ್ಟು, ಅಡ್ಡಡ್ಡ ಕಂಬ ಕೊಟ್ಟಿದ್ದರು. ಟೀ ಅಂಗಡಿಯಲ್ಲಿ ಸಿಕ್ಕ ಅಲ್ಲಿನ ಎಂಜಿನಿಯರ್, "ಅದು ಶೋರಿಂಗ್ ಸಾರ್" ಅಂದ. ಅಂದರೆ ಗೊನೆಬಿಟ್ಟ ಬಾಳೆಗೆ ಕವೆಗೋಲು ಕೊಡ್ತಾರಲ್ಲ, ಅದೇ. ಆಮೇಲೆ ಡಿಕ್ಷನರಿ ತೆಗೆದೆ. ದಡದ ಶೋರೇ ಬೇರೆ, ಆಸರೆಯ ಶೋರೇ ಬೇರೆ ಪದವಂತೆ. ರಿಪೇರಿಗೆ ನಿಂತ ಹಡಗು ವಾಲದಂತೆ ಕೊಡುವ ಕಂಬಕ್ಕೂ ಶೋರ್ ಅಂತಲೇ ಹೆಸರು. ರಬ್ಬರ್ ಎಷ್ಟು ಗಟ್ಟಿ ಅಂತ ಸೂಜಿ ಒತ್ತಿ ಅಳೆಯುವ ಇನ್ನೊಂದು ಶೋರ್ ಇದೆ. ಅದು 1920ರ ದಶಕದಲ್ಲಿ ಆ ಅಳತೆ ತಂದ ಆಲ್ಬರ್ಟ್ ಶೋರ್ ಅವರ ಹೆಸರು. ಆ ಸೂಜಿಯನ್ನು ಒಮ್ಮೆ ನಮ್ಮ ಮ್ಯಾನೇಜರ್ ಮೇಲೆ ಒತ್ತಿ ನೋಡುವ ಆಸೆ ಇನ್ನೂ ಇದೆ.

ಚಟ್ನಿಪುಡಿಯನ್ನು ಹೊಸ ಟೀಮಿನವರು ಒಂದೇ ವಾರದಲ್ಲಿ ಖಾಲಿ ಮಾಡಿದರು. ಸೂಟ್‌ಕೇಸು ಮಾತ್ರ ಹಾಗೇ ಉಳಿಯಿತು. ಹೋದ ತಿಂಗಳು ರೂಮಿನ ಮಂಚದ ಒಂದು ಕಾಲು ಮುರಿಯಿತು. ಊರಿಂದ ಬಂದಿದ್ದ ಅಮ್ಮ ಸೂಟ್‌ಕೇಸಿಗೆ ನನ್ನ ಹಳೇ ಎಂಜಿನಿಯರಿಂಗ್ ಪುಸ್ತಕ ತುಂಬಿ ಮಂಚದ ಕೆಳಗೆ ತಳ್ಳಿದರು. ಅಳತೆ ತೆಗೆದಂತೆ ಕೂತಿತು.

"ಅಮ್ಮಾ, ಇದಕ್ಕೇ ನೋಡು ಶೋರ್ ಅಪ್..."

"ಬಾಯಿ ಮುಚ್ಕೊಂಡು ಮಲಗು," ಅಂದರು ಅಮ್ಮ.