ದ್ರಾಕ್ಷಿ ಚಪ್ಪರದ ಮೇಲೆ ಸೋಲಾರ್: ಹಾಕೋಣವಾ, ಬೇಡವಾ?

ಪರ: ಚಳ್ಳಕೆರೆಯಿಂದ

ನಮ್ಮ ಕಡೆ ನೀರಿಗೆ ಬರ, ಬಿಸಿಲಿಗಲ್ಲ. ಮಾರ್ಚ್ ತಿಂಗಳ ಮಧ್ಯಾಹ್ನ ನಮ್ಮ ತೋಟದ ಪಶ್ಚಿಮದ ಅಂಚಿಗೆ ಬನ್ನಿ. ಎಲೆ ಮರೆ ಇಲ್ಲದ ಗೊಂಚಲಲ್ಲಿ ಬಿಸಿಲಿನ ಕಡೆಯ ಹಣ್ಣು ಕಂದು ತಿರುಗಿ ಸುಕ್ಕಾಗಿರುತ್ತದೆ. ಹಿಂಬದಿ ಚೆನ್ನಾಗೇ ಇರುತ್ತದೆ. ವ್ಯಾಪಾರಿ ಮಾತ್ರ ಸುಟ್ಟ ಕಡೆಯನ್ನೇ ತಿರುಗಿಸಿ ರೇಟು ಹೇಳುತ್ತಾನೆ. ಅದಕ್ಕೇ ನೆರಳು ಪರದೆ ಕಟ್ಟುತ್ತೇವೆ. ಅದು ಹರಿಯುತ್ತದೆ, ಮತ್ತೆ ಕೊಳ್ಳುತ್ತೇವೆ. ಪ್ಯಾನೆಲ್ ಆದರೆ 25 ವರ್ಷ ಬಾಳುತ್ತದೆ, ಕರೆಂಟೂ ಕೊಡುತ್ತದೆ.

ಪಕ್ಕದ ಪಾವಗಡದ ಸೋಲಾರ್ ಪಾರ್ಕ್ ನೋಡಿ. ಸುಮಾರು 13,000 ಎಕರೆ, 2,050 ಮೆಗಾವಾಟ್. ರೈತರ ಜಮೀನಿಗೆ ಗುತ್ತಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಯಿತು. ಬಾಡಿಗೆ ಬಂತು, ಉಳುಮೆ ಹೋಯಿತು. ಬೇಲಿ ಆಚೆ ನಿಂತು ನಮ್ಮ ಜಮೀನನ್ನೇ ನೋಡೋದಕ್ಕಿಂತ ಮೇಲೆ ಕರೆಂಟು, ಕೆಳಗೆ ಬಳ್ಳಿ ಇದ್ದರೆ ವಾಸಿ ಅಲ್ವಾ? ರೈತರ ಸೋಲಾರಿಗೆಂದು ಕೇಂದ್ರ ಸರ್ಕಾರ ತಂದ 2019ರ ಪಿಎಂ-ಕುಸುಮ್ ಯೋಜನೆಯಲ್ಲೂ ಎತ್ತರದ ಕಂಬದ ಮೇಲೆ ಪ್ಯಾನೆಲ್ ಕೂರಿಸಿ ಕೆಳಗೆ ಬೆಳೆ ತೆಗೆಯಲು ಅವಕಾಶ ಕೊಟ್ಟಿದ್ದಾರೆ. ಫ್ರಾನ್ಸಿನ ತ್ರೆಸೆರ್ ಊರಲ್ಲಿ 2018ರಿಂದಲೇ ದ್ರಾಕ್ಷಿ ಮೇಲೆ ತಿರುಗುವ ಪ್ಯಾನೆಲ್ ಇವೆ. ಬಳ್ಳಿಗೆ ಬಿಸಿಲು ಬೇಕಾದಾಗ ಓರೆಯಾಗಿ ದಾರಿ ಬಿಡುತ್ತವೆ.

ವಿರೋಧ: ಹಿರಿಯೂರಿನಿಂದ

ಪರದೆ ಮಾತು ಒಪ್ಪುತ್ತೇನೆ. ಆದರೆ ಪರದೆಯನ್ನು ಬೇಡ ಅಂದ ದಿನ ಸುತ್ತಿ ಮೂಲೆಗಿಡಬಹುದು.

ದ್ರಾಕ್ಷಿಗೆ ಬಿಸಿಲು ಬೇಕಾಗೋದು ಹಣ್ಣಿದ್ದಾಗ ಮಾತ್ರ ಅಲ್ಲ. ಏಪ್ರಿಲ್ ಚಾಟ್ನಿ (ಬಳ್ಳಿಯ ಕಡ್ಡಿ ಕತ್ತರಿಸೋದು) ಮಾಡಿದ ಮೇಲೆ ಒಂದೆರಡು ತಿಂಗಳಲ್ಲಿ ಮುಂದಿನ ಬೆಳೆಯ ಗೊಂಚಲು ಕಡ್ಡಿಯ ಕಣ್ಣೊಳಗೇ ರೂಪ ತಗೊಳ್ಳುತ್ತದೆ. ಆಗ ಬೆಳಕು ಕಮ್ಮಿಯಾದರೆ ಏನಾಗುತ್ತದೆ ಅಂತ ನನಗೆ ಪುಸ್ತಕ ಬೇಡ. ನಮ್ಮ ತೋಟದ ಬದುವಿನಲ್ಲಿ ಒಂದು ಬೇವಿನ ಮರವಿದೆ. ಅದರ ನೆರಳು ಬೀಳುವ ಎರಡು ಸಾಲು ಅಕ್ಟೋಬರ್ ಚಾಟ್ನಿ ಆದಮೇಲೆ ಎಲ್ಲರಿಗಿಂತ ಹಸಿರಾಗಿ ಚಿಗುರುತ್ತವೆ. ಹತ್ತಿರ ಹೋಗಿ ನೋಡಿದರೆ ಗೊಂಚಲು ಬರಬೇಕಾದ ಜಾಗದಲ್ಲಿ ಬರೀ ಸುರುಳಿ ಬಳ್ಳಿ. ಬೂದಿ ರೋಗ ಹಿಡಿಯೋದೂ ಮೊದಲು ಅಲ್ಲೇ.

ಫ್ರಾನ್ಸಿನ ಬಳ್ಳಿ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುತ್ತದೆ. ಆಗ ಎಷ್ಟು ನೆರಳಾದರೂ ಅದಕ್ಕೆ ನಷ್ಟವಿಲ್ಲ. ನಮ್ಮದು ಮಲಗುವುದೇ ಇಲ್ಲ. ವರ್ಷಕ್ಕೆ ಎರಡು ಚಾಟ್ನಿ, ಒಂದು ಬೆಳೆ.

ತಿರುಗುವ ಪ್ಯಾನೆಲ್ ಅಂತೀರಿ. ಸರಿ, ಮೋಟರ್ ಕೆಟ್ಟರೆ ರಿಪೇರಿಗೆ ಯಾರು ಬರುತ್ತಾರೆ? ನನ್ನ ಹನಿ ನೀರಾವರಿ ಫಿಲ್ಟರ್ ಸರಿ ಮಾಡುವವರಿಗೇ ಹದಿನೈದು ದಿನ ಕಾದಿದ್ದೇನೆ. ಇನ್ನು ಚಪ್ಪರ ಆಳೆತ್ತರ. ಪ್ಯಾನೆಲ್ ಅದಕ್ಕಿಂತ ಮೇಲಿರಬೇಕು. ಚಿತ್ರದುರ್ಗದ ಜೋಗಿಮಟ್ಟಿ ಗುಡ್ಡದಲ್ಲಿ ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ. ಆ ಗಾಳಿಗೆ ತಡೆಯುವ ಕಬ್ಬಿಣ, ಕಾಂಕ್ರೀಟಿನ ಲೆಕ್ಕ ಹಾಕಿ. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಹೇಗೂ ಪುಕ್ಕಟೆ. ಹಾಗಾಗಿ ಉಳಿತಾಯ ಅನ್ನೋದಿಲ್ಲ, ಕರೆಂಟು ಮಾರಿಯೇ ಸಾಲ ತೀರಿಸಬೇಕು.

ಸೋಲಾರ್ ಬೇಡ ಅಂತಲ್ಲ. ಕೃಷಿ ಹೊಂಡದ ಪಕ್ಕ ಅರ್ಧ ಎಕರೆ ಕಲ್ಲುನೆಲ ಬಿದ್ದಿದೆ, ಹುಲ್ಲೂ ಸರಿಯಾಗಿ ಬೆಳೆಯಲ್ಲ. ಅಲ್ಲಿ ಎಷ್ಟು ಬೇಕಾದರೂ ಹಾಕಿ.