ಬಂತು, ಬಂತು!

ಬಲಗೈ ಗೆಣ್ಣುಗಳ ಸಿಪ್ಪೆ ಎದ್ದುಹೋಗಿ ನಿನ್ನೆಯಿಂದ ಉರಿಯುತ್ತಿದೆ. ಕಾರಣ ಕಾರಿನ ಇಂಜಿನ್ನಿನಲ್ಲಿ ಪೆಟ್ರೋಲಿಗೆ ಕಿಡಿ ಹಚ್ಚುವ ಒಂದು ಸ್ಪಾರ್ಕ್ ಪ್ಲಗ್. ಅದರ ಥ್ರೆಡ್ಡಿನ ದಪ್ಪ ಬರೀ 14 ಮಿಲಿಮೀಟರ್. ಅಷ್ಟು ಸಣ್ಣದು ನನ್ನ ಎರಡು ದಿನ ನುಂಗಿತು.

ನಮ್ಮದು ಅಪ್ಪನ ಕಾಲದ ಕಾರು. ನಾಲ್ಕು ಸಿಲಿಂಡರ್, ನಾಲ್ಕು ಪ್ಲಗ್. ಮೊದಲ ಮೂರು ಮರ್ಯಾದೆಯಿಂದ ಬಿಚ್ಚಿಕೊಂಡವು. ನಾಲ್ಕನೆಯದು ಹಿಂದೆ, ಮೂಲೆಯಲ್ಲಿ. ಅಲ್ಲಿ ಕೈ ಹೋದರೆ ಪಾನಾ ಹೋಗುವುದಿಲ್ಲ, ಪಾನಾ ಹೋದರೆ ತಿರುಗುವುದಿಲ್ಲ.

ಬಾನೆಟ್ ತೆಗೆದದ್ದು ಭಾವನವರಿಗೆ ಹೇಗೆ ಗೊತ್ತಾಗುತ್ತದೋ, ಬಂದುಬಿಟ್ಟರು. ಅವರಿಗೊಂದು ಅಭ್ಯಾಸ. ಯಾರು ಏನನ್ನೇ ಎಳೆಯಲಿ, ತಿರುಗಿಸಲಿ, ಪಕ್ಕದಲ್ಲಿ ನಿಂತು "ಬಂತು, ಬಂತು" ಎನ್ನುತ್ತಾರೆ. ನನ್ನ ಮೊಣಕೈ ಅಲ್ಲಾಡಿದರೆ "ಬಂತು". ಪಾನಾ ಜಾರಿ ಗೆಣ್ಣು ಇಂಜಿನ್ನಿನ ಮೇಲ್ಭಾಗಕ್ಕೆ, ಅಂದರೆ ಪ್ಲಗ್ ಕೂರುವ ಹೆಡ್ಡಿಗೆ, ಬಡಿದಾಗಲೂ "ಬಂತು". ಬಂದದ್ದು ರಕ್ತ. ಸಂಜೆಯ ಹೊತ್ತಿಗೆ "ಟಕ್" ಎಂದಿತು. "ನೋಡು, ಬಂತು!" ಎಂದು ಕುಣಿದರು. ಬಂದಿತ್ತು, ಅರ್ಧ. ಪಾನಾದೊಳಗೆ ಪ್ಲಗ್ಗಿನ ಬಿಳಿ ತಲೆ, ಆರು ಮೂಲೆಯ ಸೊಂಟ. ಥ್ರೆಡ್ ಇರುವ ಭಾಗ ಮಾತ್ರ ಹೆಡ್ಡಿನಲ್ಲೇ ಕೂತಿತ್ತು. "ಬಂತು ಅಂದೆನಲ್ಲ" ಎಂದು ಭಾವನವರು ಮನೆಗೆ ಹೋದರು.

ಹೆಡ್ ಅಲ್ಯೂಮಿನಿಯಂ, ಪ್ಲಗ್ಗಿನ ಮೈ ಉಕ್ಕು. ವರ್ಷಗಟ್ಟಲೆ ಬಿಸಿ, ತೇವ ತಿಂದು ಎರಡೂ ಒಂದನ್ನೊಂದು ಕಚ್ಚಿಕೊಳ್ಳುತ್ತವೆ. ಜೊತೆಗೆ ಅಪ್ಪನ ಕೈ ಬೇರೆ. ಏನು ಬಿಗಿ ಮಾಡಿದರೂ "ಇರಲಿ" ಎಂದು ಕಾಲು ಸುತ್ತು ಜಾಸ್ತಿ ತಿರುಗಿಸುತ್ತಿದ್ದರು. ಅವರು ಹೋದ ಮೇಲೂ ಮನೆಯ ಒಂದೆರಡು ನಲ್ಲಿಗಳು ಯಾರ ಮಾತನ್ನೂ ಕೇಳುವುದಿಲ್ಲ. ಈ ಪ್ಲಗ್ಗಿಗೆ ಕೊನೆಯದಾಗಿ ಪಾನಾ ಇಟ್ಟವರೂ ಅವರೇ. ನಾನು ಇಡೀ ದಿನ ಜಗ್ಗಿದ್ದು ಅದೇ ಕಾಲು ಸುತ್ತನ್ನು! ಅದು ಹೊಳೆದಾಗ ಕೈ ಯಾಕೋ ತಡೆಯಿತು. ಸುಮ್ನೆ ತೂತಿನ ಸುತ್ತ ಎಣ್ಣೆ ಬಿಟ್ಟು ಮಲಗಿದೆ.

ಬೆಳಿಗ್ಗೆ ಎಕ್ಸ್‌ಟ್ರಾಕ್ಟರ್ ತಂದೆ, ಮುರಿದು ಒಳಗುಳಿದ ತುಂಡನ್ನು ಕಚ್ಚಿ ಹೊರತೆಗೆಯುವ ಸಾಧನ. ಅದರ ಥ್ರೆಡ್ ಉಲ್ಟಾ. ಬಿಚ್ಚುವ ದಿಕ್ಕಿಗೆ ತಿರುಗಿಸಿದಷ್ಟೂ ಇನ್ನಷ್ಟು ಕಚ್ಚುತ್ತದೆ. ಆದರೆ ಅದೂ ಒಳಗೇ ಮುರಿದರೆ ಕಥೆ ಮುಗಿಯಿತು. ಎಷ್ಟು ಗಟ್ಟಿ ಉಕ್ಕು ಎಂದರೆ ಮಾಮೂಲಿ ಡ್ರಿಲ್ ಬಿಟ್ ಅದರ ಮೇಲೆ ಜಾರುತ್ತದೆ. ಮೊದಲು ಒಳಗುಳಿದ ಪಿಂಗಾಣಿಯನ್ನು ಮೆಲ್ಲಗೆ ಒಡೆದು ತೆಗೆಯಬೇಕು. ಅದರ ಚೂರು ಸಿಲಿಂಡರಿಗೆ ಬಿದ್ದರೆ ಗೋಡೆ ಗೀಚುತ್ತದೆ. ಹಾಗಾಗಿ ವ್ಯಾಕ್ಯೂಮ್ ಕ್ಲೀನರಿಗೆ ಸಣ್ಣ ಪೈಪ್ ಸಿಕ್ಕಿಸಿ ಭಾವನವರ ಕೈಗೆ ಕೊಟ್ಟೆ. ಪೈಪಿನಲ್ಲಿ ಒಂದೊಂದು ಚೂರು ಕಟಕಟ ಎಂದಾಗಲೂ "ಬಂತು". ಜೀವನದಲ್ಲಿ ಮೊದಲ ಸಲ ಅವರು ಹೇಳಿದ್ದು ನಿಜವಾಗುತ್ತಿತ್ತು. ಖುಷಿ ನೋಡಬೇಕಿತ್ತು.

ಎಕ್ಸ್‌ಟ್ರಾಕ್ಟರ್ ಹಾಕಿ ಒಂದಿಷ್ಟು ಬಿಚ್ಚುವುದು, ಒಂದಿಷ್ಟು ವಾಪಸ್, ಮತ್ತೆ ಎಣ್ಣೆ. ಮಧ್ಯಾಹ್ನ ಒಂದು ಸಲ ಕಿರ್ರೆಂದು ಕೂಗಿ ಮುರಿದ ತುಂಡು ಸಡಿಲವಾಯಿತು. ಹೆಡ್ಡಿನ ಥ್ರೆಡ್ ಏನೂ ಆಗದೆ ಉಳಿದಿತ್ತು. ಭಾವನವರು ಆಗ ಫೋನ್ ಬಂದು ಆಚೆ ಹೋಗಿದ್ದರು. ಮಾತಿಲ್ಲದೆ ಬಂದ ಪ್ಲಗ್ ನೋಡಿ ನನಗೇ ಏನೋ ಕಡಿಮೆ ಅನಿಸಿತು.

ಹೊಸ ಪ್ಲಗ್ ಕೂರಿಸಿದೆ. ವಾಷರ್ ಇರುವ ಹೊಸ ಪ್ಲಗ್ಗಾದರೆ ಕೈಯಲ್ಲಿ ಬಿಗಿಯಾದ ಮೇಲೆ ಅರ್ಧ ಸುತ್ತು, ಹೆಚ್ಚೆಂದರೆ ಇನ್ನೊಂಚೂರು ಸಾಕು. ಅಷ್ಟಕ್ಕೇ ನಿಲ್ಲಿಸಿದೆ. ಆದರೂ ಕೈ "ಇರಲಿ" ಎನ್ನುತ್ತಿತ್ತು.

ಅಷ್ಟರಲ್ಲಿ ಭಾವನವರು ವಾಪಸ್ ಬಂದು ಬಗ್ಗಿ ನೋಡಿದರು. "ಇನ್ನೂ ಕಾಲು ಸುತ್ತು ಬರುತ್ತೆ ನೋಡು."

ಪಾನಾವನ್ನು ಬೆನ್ನ ಹಿಂದೆ ಬಚ್ಚಿಟ್ಟೆ.