ಚಾಕುವಿನ ಬೆನ್ನಿಗೇ ಬಂದ ಕಲ್ಲು

ಟೋಕಿಯೋ ನಗರದ ಉಎನೋ ಮತ್ತು ಅಸಾಕುಸಾ ಬಡಾವಣೆಗಳ ನಡುವೆ ಕಪ್ಪಾಬಾಶಿ ಎಂಬ ಬೀದಿಯಿದೆ. ಸುಮಾರು 800 ಮೀಟರ್ ಉದ್ದದ ಆ ಬೀದಿಯಲ್ಲಿ ಪಾತ್ರೆ, ಬಟ್ಟಲು, ಹೋಟೆಲಿನ ಗಾಜಿನ ಕಪಾಟಿಗೆ ಬೇಕಾದ ಪ್ಲಾಸ್ಟಿಕ್ ಅನ್ನ, ಪ್ಲಾಸ್ಟಿಕ್ ಮೀನು, ಹೀಗೆ ಅಡುಗೆಮನೆಗೆ ಸಂಬಂಧಿಸಿದ್ದೆಲ್ಲವೂ ಸಿಗುತ್ತದೆ. ಒಂದು ಚಾಕು ಕೊಳ್ಳೋಣವೆಂದು ಅಲ್ಲಿಯ ಅಂಗಡಿಯೊಂದಕ್ಕೆ ಹೊಕ್ಕಾಗ, ಎಷ್ಟು ಬೆಲೆಯದ್ದು ಬೇಕೆಂದು ಕೇಳಬಹುದೆಂಬ ನಿರೀಕ್ಷೆಯಲ್ಲಿ ನಾನು ಮನಸ್ಸಿನಲ್ಲೇ ಯೆನ್ನನ್ನು ರೂಪಾಯಿಗೆ ಪರಿವರ್ತಿಸುತ್ತ ನಿಂತಿದ್ದೆ. ಅಂಗಡಿಯ ಹಿರಿಯರು ಕೇಳಿದ್ದು ಬೇರೆಯೇ ಎರಡು ಪ್ರಶ್ನೆ: ಬಳಸುವವರದು ಯಾವ ಕೈ? ಮನೆಯಲ್ಲಿ ಸಾಣೆಕಲ್ಲು ಇದೆಯೇ?

ಮೊದಲನೆಯ ಪ್ರಶ್ನೆಗೇ ನಾನು ತಡವರಿಸಿದೆ. ನನ್ನದು ಬಲಗೈ, ಅಮ್ಮ ಎಡಚಿ. ಮನೆಯಲ್ಲಿ ಈ ಸಂಗತಿ ಈವರೆಗೆ ಯಾವ ತೊಡಕನ್ನೂ ಉಂಟುಮಾಡಿರಲಿಲ್ಲ, ಏಕೆಂದರೆ ಅಮ್ಮ ಹೆಚ್ಚುವುದು ಈಳಿಗೆ ಮಣೆಯ ಮೇಲೆ. ಈಳಿಗೆ ಮಣೆಗೆ ಎಡ ಬಲವೆಂಬ ಭೇದವಿಲ್ಲ. ಅದರ ಅಲಗು ಇದ್ದಲ್ಲೇ ಇರುತ್ತದೆ, ತರಕಾರಿಯೇ ಅದರ ಬಳಿಗೆ ಹೋಗಿ ಎರಡಾಗಿ ಬರುತ್ತದೆ. ಜಪಾನಿನ ಸಾಂಪ್ರದಾಯಿಕ ಚಾಕುಗಳ ಕಥೆ ಹಾಗಲ್ಲ. ಹಸಿ ಮೀನನ್ನು ತೆಳ್ಳಗೆ ಸೀಳುವ ಉದ್ದನೆಯ ಯಾನಗಿಬಾ, ಮೀನಿನ ತಲೆ ಕತ್ತರಿಸುವ ದಪ್ಪ ಬೆನ್ನಿನ ದೆಬಾ ಮೊದಲಾದವುಗಳನ್ನು ಒಂದೇ ಮಗ್ಗುಲಿಗೆ ಇಳಿಜಾರಾಗಿ ಮಸೆದಿರುತ್ತಾರೆ. ಇನ್ನೊಂದು ಮಗ್ಗುಲು ಬಹುಮಟ್ಟಿಗೆ ಚಪ್ಪಟೆ. ಬಲಗೈಯವರಿಗೆಂದು ಮಾಡಿದ್ದನ್ನು ಎಡಗೈಯಲ್ಲಿ ಹಿಡಿದರೆ ಹೋಳು ನೇರವಾಗಿ ಬರುವುದಿಲ್ಲ, ಅಲಗು ಒಂದು ಕಡೆಗೆ ವಾಲುತ್ತದೆ. ಎಡಗೈಯವರಿಗೆ ಬೇರೆಯಾಗಿಯೇ ಮಾಡಬೇಕು, ಅದಕ್ಕೆ ಬೆಲೆಯೂ ಹೆಚ್ಚು. ಆದ್ದರಿಂದ ಎರಡೂ ಮಗ್ಗುಲಿಗೆ ಮಸೆದ ಚಾಕುವೇ ನಮಗೆ ಸರಿಯೆಂದು ಅವರೇ ತೀರ್ಮಾನಿಸಿ, ಮುಕ್ಕಾಲು ಅಂಗಡಿಯನ್ನು ನನ್ನ ಮಟ್ಟಿಗೆ ಮುಚ್ಚಿಬಿಟ್ಟರು. ಆರಿಸುವ ಕಷ್ಟ ಇಷ್ಟು ಬೇಗ ಕಡಿಮೆಯಾದದ್ದು ನನಗೆ ಸೀರೆ ಅಂಗಡಿಯಲ್ಲಂತೂ ಎಂದೂ ಆಗಿಲ್ಲ.

ಉಳಿದ ಕಾಲು ಭಾಗದಲ್ಲಿ ಮೂರು ಬಗೆ ನನ್ನ ಮುಂದೆ ಬಂದವು. ಮೊದಲನೆಯದು ಗ್ಯೂತೋ. ಜಪಾನಿನಲ್ಲಿ ಮಾಂಸಾಹಾರದ ಮೇಲೆ ಶತಮಾನಗಳಿಂದ ಇದ್ದ ಕಟ್ಟುಪಾಡು ಸಡಿಲಗೊಂಡು, 1872ರಲ್ಲಿ ಚಕ್ರವರ್ತಿಯೇ ದನದ ಮಾಂಸ ತಿಂದದ್ದು ಸುದ್ದಿಯಾದ ಕಾಲದಲ್ಲಿ ಐರೋಪ್ಯ ಅಡುಗೆಯೊಂದಿಗೆ ಅದರ ಚಾಕುವಿನ ಆಕಾರವೂ ಒಳಬಂದಿತು. ಹೆಸರಿನ ಅರ್ಥವೇ ದನದ ಮಾಂಸದ ಕತ್ತಿ ಎಂದು. ಹುರುಳಿಕಾಯಿ ಪಲ್ಯಕ್ಕೆ ಹೆಚ್ಚಲು ಅಂಥ ಹೆಸರಿನ ಆಯುಧವನ್ನು ಅಮ್ಮನ ಕೈಗೆ ಕೊಟ್ಟು, ಅರ್ಥ ಕೇಳಿದರೆ ಏನು ಹೇಳುವುದೆಂಬ ಚಿಂತೆಯಿಂದ ಅದನ್ನು ಮೆಲ್ಲನೆ ಪಕ್ಕಕ್ಕಿಟ್ಟೆ. ಎರಡನೆಯದು ನಾಕಿರಿ, ಅಂದರೆ ಸೊಪ್ಪು ತರಕಾರಿ ಹೆಚ್ಚುವುದು. ಪುಟ್ಟ ಮಚ್ಚಿನಂತೆ ಆಯತಾಕಾರ, ನೇರವಾದ ಅಂಚು, ತೆಳುವಾದ ಮೈ. ನಮ್ಮಂಥ ಸಸ್ಯಾಹಾರಿಗಳ ಮನೆಗೆ ಹೇಳಿ ಮಾಡಿಸಿದಂತಿದ್ದರೂ ಅದಕ್ಕೆ ಮೊನೆಯಿಲ್ಲ. ಬದನೆಯ ತೊಟ್ಟು ತೆಗೆಯಲು, ಆಲೂಗಡ್ಡೆಯ ಕಣ್ಣು ಕೀಳಲು ಮೊನೆ ಬೇಡವೇ? ಮೂರನೆಯದು ಸಾಂತೋಕು. ಮೂರು ಗುಣಗಳು ಎಂಬುದು ಆ ಹೆಸರಿನ ಅರ್ಥ; ಮಾಂಸ, ಮೀನು, ತರಕಾರಿ ಮೂರಕ್ಕೂ ಆಗುತ್ತದೆ ಎಂಬುದು ಸಾಮಾನ್ಯ ವಿವರಣೆ. ನಮ್ಮ ಮನೆಯಲ್ಲಿ ಎರಡು ಗುಣಗಳಿಗೆ ಉದ್ಯೋಗವಿಲ್ಲದಿದ್ದರೂ, 165 ಮಿಲಿಮೀಟರ್ ಅಲಗಿನ ಆ ಚಾಕು ಕೈಯಲ್ಲಿ ಕುಳಿತ ರೀತಿಗೆ ಮನಸೋತು ಅದನ್ನೇ ಹಿಡಿದುಕೊಂಡೆ.

ಅಲ್ಲಿಗೆ ಮುಗಿಯಿತೆಂದುಕೊಂಡರೆ ಉಕ್ಕಿನ ಪ್ರಶ್ನೆ ಎದ್ದಿತು. ಜಪಾನಿನ ಬಾಣಸಿಗರು ಗೌರವದಿಂದ ಹೆಸರಿಸುವ ಶಿರೋಗಾಮಿ ಮತ್ತು ಆಓಗಾಮಿ ಎಂಬ ಉಕ್ಕುಗಳಿಗೆ ಬಿಳಿ ಕಾಗದ, ನೀಲಿ ಕಾಗದ ಎಂದಷ್ಟೇ ಅರ್ಥ. ಶಿಮಾನೆ ಪ್ರಾಂತದ ಯಾಸುಗಿಯಲ್ಲಿ ತಯಾರಾಗುವ ಈ ಉಕ್ಕಿನ ಪಟ್ಟಿಗಳಿಗೆ ಗುರುತಿಗಾಗಿ ಸುತ್ತಿದ ಕಾಗದದ ಬಣ್ಣವೇ ಹೆಸರಾಗಿ ನಿಂತಿದೆ. ಇವು ಬಹಳ ಹರಿತವಾಗುತ್ತವೆ, ಮಸೆಯುವುದೂ ಸುಲಭ. ಆದರೆ ನಿಂಬೆಹಣ್ಣು ಹೆಚ್ಚಿ ಒರೆಸದೆ ಬಿಟ್ಟರೆ ಫೋನ್ ಮಾತಾಡಿ ಬರುವಷ್ಟರಲ್ಲಿ ಕಲೆಯಾಗಿರುತ್ತದೆ. ಅಜ್ಜಿಯ ಕಬ್ಬಿಣದ ಈಳಿಗೆಯೂ ಇದೇ ಸ್ವಭಾವದ್ದು. ಬಾಳೆಕಾಯಿ ಹೆಚ್ಚಿದ ಕೂಡಲೇ ಅಲಗೂ ಬೆರಳುಗಳೂ ಕಪ್ಪಾಗುತ್ತಿದ್ದವು. ಅಜ್ಜಿ ಅದನ್ನು ತೊಳೆದು, ಸೆರಗಿನಲ್ಲೇ ಒರೆಸಿ, ಗೋಡೆಗೆ ಒರಗಿಸುವವರೆಗೆ ಬೇರೆ ಮಾತಾಡುತ್ತಿರಲಿಲ್ಲ. ಅಜ್ಜಿಯ ಶಿಸ್ತು ನನಗೆ ಬಂದಿಲ್ಲವೆಂದು ಒಪ್ಪಿಕೊಂಡು, ತುಕ್ಕು ಹಿಡಿಯದ ವಿಜಿ-10 ಎಂಬ ಉಕ್ಕಿನದನ್ನು ಕೊಡಿ ಎಂದೆ. ಶೇಕಡಾ 1ರಷ್ಟು ಇಂಗಾಲ, ಸುಮಾರು 15ರಷ್ಟು ಕ್ರೋಮಿಯಂ ಇರುವ ಈ ಉಕ್ಕು ಫುಕುಯಿ ಪ್ರಾಂತದ ತಾಕೆಫುವಿನದು. ಗಟ್ಟಿ ಉಕ್ಕನ್ನು ನಡುವೆ ಇಟ್ಟು ಎರಡೂ ಬದಿಗೆ ಮೆದು ಉಕ್ಕನ್ನು ಹೊದಿಸಿರುತ್ತಾರೆ, ಹೋಳಿಗೆಯ ಕಣಕದೊಳಗೆ ಹೂರಣವಿದ್ದ ಹಾಗೆ. ಕತ್ತರಿಸುವುದು ಹೂರಣವೇ. ಅಲಗಿನ ಮೇಲೆ ನೀರಿನ ಅಲೆಯಂತೆ ಕಾಣುವ, ಡಮಾಸ್ಕಸ್ ಎಂದು ಕರೆಯುವ ಚಿತ್ತಾರವೆಲ್ಲ ಕಣಕದ ಮೇಲಿನದು. ಅದಕ್ಕಾಗಿ ಹೆಚ್ಚು ಹಣ ಕೊಡುವುದು ಜರಿಯಂಚಿನ ಸೀರೆ ಹೆಚ್ಚು ಬೆಚ್ಚಗಿರುತ್ತದೆಂದು ನಂಬಿದಂತೆ. ಚೆಂದವೇನೋ ಹೌದು. ನಾನೂ ಎರಡು ಸಲ ಅದರತ್ತ ತಿರುಗಿ ನೋಡಿದೆ.

ಸಾಕಾಯಿ, ಸೆಕಿ, ಸಾನ್‌ಜೋ ಎಂದು ಚಾಕು ಮಾಡುವ ಊರುಗಳ ಹೆಸರನ್ನೂ ಅವರು ಹೇಳುತ್ತ ಹೋದರು. ಒಸಾಕಾ ಬಳಿಯ ಸಾಕಾಯಿಯಲ್ಲಿ ಬಡಿಯುವವರೊಬ್ಬರು, ಮಸೆಯುವವರೊಬ್ಬರು, ಹಿಡಿ ಹಾಕುವವರು ಇನ್ನೊಬ್ಬರು. ಪೋರ್ಚುಗೀಸರು ತಂದ ಹೊಗೆಸೊಪ್ಪನ್ನು ಎಳೆ ಎಳೆಯಾಗಿ ಕತ್ತರಿಸುವ ಚಾಕುಗಳಿಂದ ಆ ಊರು ಹೆಸರಾಯಿತಂತೆ. ಕೇಳಲು ಸೊಗಸಾಗಿತ್ತು, ಆದರೆ ಊರು ನೋಡಿ ಚಾಕು ಕೊಳ್ಳುವಷ್ಟು ಪರಿಣತಿ ನನಗಿರಲಿಲ್ಲ. 15,000 ಯೆನ್ ಕೊಟ್ಟೆ. ಅಲಗಿನ ಮೇಲೆ ಅಮ್ಮನ ಹೆಸರನ್ನು ಕೆತ್ತಿಕೊಟ್ಟರು. ಜಪಾನಿ ಬರವಣಿಗೆಯಲ್ಲಿ ರಕಾರ ಲಕಾರಗಳಿಗೆ ಒಂದೇ ಅಕ್ಷರವಾದ್ದರಿಂದ, ಅದನ್ನು ಓದಿ ಹೇಳಿದಾಗ ಅಮ್ಮನ ಹೆಸರಿನ ಲಕಾರ ರಕಾರವಾಗಿತ್ತು. ಕಲ್ಲು ಬೇಡವೆಂದೆ. ಅವರು ಒಂದು ಕ್ಷಣ ನನ್ನನ್ನು ನೋಡಿ, ಏನೂ ಹೇಳದೆ, ಕಲ್ಲುಗಳಿದ್ದ ಡಬ್ಬವನ್ನು ಒಳಗಿಟ್ಟರು.

ಆ ನೋಟದ ಅರ್ಥ ತಿಳಿದದ್ದು ಗೌರಿ ಹಬ್ಬದ ದಿನ. ಅಲ್ಲಿಯವರೆಗೆ ಚಾಕು ಮನೆಯವರನ್ನೆಲ್ಲ ಮರುಳು ಮಾಡಿತ್ತು. ಟೊಮ್ಯಾಟೊ ಮೇಲಿಟ್ಟರೆ ಒತ್ತುವ ಮೊದಲೇ ಸಿಪ್ಪೆ ಬಿಡುತ್ತಿತ್ತು. ಕೋಸಂಬರಿಯ ಸೌತೆಕಾಯಿ ಚೂರುಗಳು ನೀರೊಡೆಯದೆ ಮಣಿಗಳಂತೆ ಬಿಡಿಬಿಡಿಯಾಗಿ ಉಳಿಯುತ್ತಿದ್ದವು. ಹಬ್ಬದ ಗಡಿಬಿಡಿಯಲ್ಲಿ ಅತ್ತಿಗೆ ಅದೇ ಚಾಕುವಿನಿಂದ ಅಚ್ಚುಬೆಲ್ಲ ಕೆತ್ತಿದರು. ಸಂಜೆ ದೀಪದ ಬೆಳಕಿಗೆ ಹಿಡಿದು ನೋಡಿದಾಗ ಅಂಚಿನಲ್ಲಿ ಎರಡು ಕಡೆ ಎಳ್ಳುಕಾಳಿನಷ್ಟು ಉಕ್ಕು ಹಾರಿಹೋಗಿತ್ತು. ನಾನು ಮುಖ ಸಪ್ಪಗೆ ಮಾಡಿದ್ದನ್ನು ಕಂಡ ಅಮ್ಮ, “ಬೆಲ್ಲ ಕೆತ್ತೋಕೂ ಆಗದ್ದು ಅದೆಂಥ ಚಾಕುವೋ? ನಿನ್ನ ಚಾಕುಗೆ ಕುಂಕುಮ ಹಚ್ಚಿ ದೇವರ ಮನೇಲಿಡು” ಎಂದರು.

ತಪ್ಪು ಅತ್ತಿಗೆಯದಲ್ಲ, ಚಾಕುವಿನದೂ ಅಲ್ಲ. ಜರ್ಮನಿಯ ಚಾಕುಗಳ ಗಡಸುತನ ರಾಕ್‌ವೆಲ್ ಅಳತೆಯಲ್ಲಿ ಸಾಮಾನ್ಯವಾಗಿ 56ರಿಂದ 58ರವರೆಗೆ ಇದ್ದರೆ, ಜಪಾನಿನವು 60 ದಾಟುತ್ತವೆ. ಮೆದು ಉಕ್ಕು ಪೆಟ್ಟು ಬಿದ್ದಾಗ ಚಪಾತಿಯಂತೆ ಮಡಚಿಕೊಳ್ಳುತ್ತದೆ. ಗಟ್ಟಿ ಉಕ್ಕು ಚಕ್ಕುಲಿಯಂತೆ ಮುರಿಯುತ್ತದೆ. ಬಹುಕಾಲ ಹರಿತ ಉಳಿಯುವುದೂ ಆ ಗಡಸಿನಿಂದಲೇ. ಬೆಲ್ಲ, ಕೊಬ್ಬರಿ, ಮೂಳೆ, ಫ್ರೀಜರಿನಿಂದ ತೆಗೆದ ಗಟ್ಟಿ ಪದಾರ್ಥ ಇವುಗಳ ತಂಟೆಗೆ ಅದು ಹೋಗಬಾರದು. ನಮ್ಮ ಅಡುಗೆಮನೆಗಳ ಗ್ರಾನೈಟ್ ಕಟ್ಟೆಯನ್ನಂತೂ ಮುಟ್ಟಲೇಬಾರದು, ಮರದ ಹಲಗೆಯೇ ಬೇಕು. ಮನೆಗೆ ಚಾಕು ಆರಿಸುವಾಗ ನನ್ನ ಮತ್ತು ಅಮ್ಮನ ಕೈಗಳನ್ನಷ್ಟೇ ನೆನೆದಿದ್ದೆ. ಹಬ್ಬದ ದಿನ ಆ ಮನೆಯೊಳಗೆ ಆಡುವ ಎಂಟು ಕೈಗಳನ್ನು ನೆನೆಯಬೇಕಾಗಿತ್ತು. ಬೆಲ್ಲಕ್ಕೆಂದು ಈಗ ಸಂತೆಯ ಅಗ್ಗದ ಚಾಕುವೊಂದು ಪಕ್ಕದಲ್ಲೇ ಇದೆ.

ಕೊನೆಗೆ ಕಲ್ಲನ್ನೂ ತರಿಸಿದೆ, ಸಾವಿರದ ನಂಬರಿನದು, ಅಂದರೆ ಮಧ್ಯಮ ನಯದ್ದು. ಹತ್ತು ನಿಮಿಷ ನೀರಿನಲ್ಲಿ ಮುಳುಗಿಸಿಡಬೇಕು, ಗುಳ್ಳೆ ಬರುವುದು ನಿಲ್ಲುವವರೆಗೆ. ಅಲಗಿನ ಬೆನ್ನನ್ನು ಕಲ್ಲಿನಿಂದ ಕಿರುಬೆರಳು ತೂರುವಷ್ಟು ಎತ್ತಿ ಹಿಡಿದರೆ ಸುಮಾರು 15 ಡಿಗ್ರಿ ಕೋನ ಸಿಗುತ್ತದೆ. ಆ ಕೋನ ಕೆಡದಂತೆ ಹಿಂದಕ್ಕೂ ಮುಂದಕ್ಕೂ ಉಜ್ಜುತ್ತ ಹೋದರೆ ಬೂದುಬಣ್ಣದ ಕೆಸರು ಏಳುತ್ತದೆ. ಅದನ್ನು ತೊಳೆಯಬಾರದು, ಮಸೆಯುವ ಕೆಲಸದಲ್ಲಿ ಅದರ ಪಾಲೂ ಇದೆ. ಸ್ವಲ್ಪ ಹೊತ್ತಿನ ಬಳಿಕ ಎದುರು ಮಗ್ಗುಲಿನ ಅಂಚಿನಲ್ಲಿ ಹೆಬ್ಬೆರಳಿಗೆ ಸಣ್ಣ ತರಿ ತಾಗುತ್ತದೆ. ಜಪಾನಿನಲ್ಲಿ ಅದಕ್ಕೆ ಕಾಏರಿ, ಅಂದರೆ ಹಿಂದಿರುಗಿದ್ದು, ಎನ್ನುತ್ತಾರೆ. ಅದು ಬಂದರೆ ಆ ಮಗ್ಗುಲು ಮುಗಿದಂತೆ, ಚಾಕು ತಿರುಗಿಸಬೇಕು. ಹಾರಿಹೋದ ಎರಡು ಎಳ್ಳುಕಾಳುಗಳು ಮರೆಯಾಗಲು ನನಗೆ ನಾಲ್ಕು ಭಾನುವಾರಗಳು ಹಿಡಿದವು.

ನಾಲ್ಕನೆಯ ಭಾನುವಾರ ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಒಳಗೆ ಹೋಗಿ ಈಳಿಗೆ ಮಣೆಯನ್ನು ಎತ್ತಿಕೊಂಡು ಬಂದು, “ಇದಕ್ಕೂ ಸ್ವಲ್ಪ ಹಿಡಿ, ಹೂಕೋಸು ಜಜ್ಜುತ್ತಿದೆ” ಎಂದು ಮುಂದಿಟ್ಟರು. ಮಣೆಯನ್ನು ಕಲ್ಲಿನ ಮೇಲೆ ಹೇಗೆ ಆಡಿಸುವುದೆಂದು ನಾನು ಅತ್ತಿತ್ತ ತಿರುಗಿಸಿ ನೋಡುತ್ತಿರುವಾಗಲೇ ಅವರು ಮಣೆಯ ಮೇಲೆ ಕುಳಿತು, ಒದ್ದೆ ಕಲ್ಲನ್ನು ಎಡಗೈಗೆ ತೆಗೆದುಕೊಂಡು, ಬಾಗಿದ ಅಲಗಿನ ಮೇಲೆ ಕೆಳಗಿನಿಂದ ಮೇಲಕ್ಕೆ ಎಳೆಯತೊಡಗಿದರು. ಅಲಗು ಇದ್ದಲ್ಲೇ ಇತ್ತು.